ಹಂಗಿಲ್ಲದ ಗಂಜಿ

ಕಳೆದ ತಿಂಗಳ ಕೂಟಕ್ಕೆ ನಮ್ಮ ದಾವಣಗೆರೆ ಹುಡುಗ ಬರಲಿಲ್ಲ. ಊರಿನಿಂದ ಬಂದು ಒಂದು ವರ್ಷವೂ ಆಗಿಲ್ಲ, ಓಎಂಆರ್ ಕಡೆ ಯಾವುದೋ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ, ಶೋಳಿಂಗನಲ್ಲೂರಿನ ಒಂದು ಪಿ.ಜಿ.ಯಲ್ಲಿ ವಾಸ. ಫೋನ್ ಮಾಡಿದರೆ "ಸ್ವಲ್ಪ ಬ್ಯುಸಿ ಅಂಕಲ್" ಅಂದ. ದನಿ ಯಾಕೋ ಸರಿ ಕಾಣಲಿಲ್ಲ. ಮರುದಿನ ಬಸ್ಸು ಹತ್ತಿ ಹೋದೆ. ಹುಡುಗನಿಗೆ ಐದು ದಿನದಿಂದ ಜ್ವರ. ಡೆಂಗ್ಯೂ. ಮಂಚದ ಪಕ್ಕ ಒಂದು ಬಿಸ್ಕತ್ ಪೊಟ್ಟಣ, ಅರ್ಧ ಬಾಟಲಿ ನೀರು. ಅಷ್ಟೇ.

"ಯಾಕೋ ಹೇಳಲಿಲ್ಲ?" ಅಂತ ಸ್ವಲ್ಪ ಜೋರಾಗಿಯೇ ಕೇಳಿದೆ.

"ನಿಮಗೆಲ್ಲ ಯಾಕೆ ಸುಮ್ನೆ ತೊಂದರೆ ಅಂತ ಅಂಕಲ್..."

ಬೈಯಬೇಕು ಅಂತ ಬಾಯಿ ತೆರೆದವನಿಗೆ ನಗು ಬಂದುಬಿಟ್ಟಿತು. ಹುಡುಗ ಪಾಪ ಪಿಳಿಪಿಳಿ ನೋಡಿದ. ಅವನು ಆಡಿದ್ದು ನನ್ನದೇ ಮಾತು. ಮೂವತ್ತು ವರ್ಷ ಈ ಊರಿನಲ್ಲಿ ನಾನೂ ಅದನ್ನೇ ಹೇಳಿಕೊಂಡು ಬಂದವನು. ಅದನ್ನು ಬಿಡಿಸಲು ಒಂದು ಪ್ರವಾಹವೇ ಬರಬೇಕಾಯಿತು. ಆ ಕಥೆ ಹೇಳಬೇಕು ಅಂತ ಬಹಳ ದಿನದಿಂದ ಅಂದುಕೊಳ್ಳುತ್ತಿದ್ದೆ, ಇವತ್ತು ಹೇಳುತ್ತೇನೆ.

ನನ್ನದು ತುಮಕೂರು ಕಡೆಯ ಹಳ್ಳಿ. ಅಪ್ಪ ಮಿಷನ್ ಶಾಲೆಯಲ್ಲಿ ಮೇಷ್ಟ್ರು. ಸಂಬಳ ಕಡಿಮೆ, ಸ್ವಾಭಿಮಾನ ಜಾಸ್ತಿ. 1983ರಲ್ಲಿ ಗಿಂಡಿ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ವರ್ಕ್‌ಶಾಪಿನಲ್ಲಿ ನನಗೆ ಕೆಲಸ ಸಿಕ್ಕಿದಾಗ ಬೆಂಗಳೂರಿನ ತನಕ ಬಂದು ಮದ್ರಾಸ್ ಮೇಲ್ ಹತ್ತಿಸಿದರು. ಗಾಡಿ ಹೊರಡುವ ಹೊತ್ತಿಗೆ ಕಿಟಕಿಯ ಹತ್ತಿರ ಬಂದು ಒಂದೇ ಮಾತು ಹೇಳಿದರು. "ನೋಡಪ್ಪಾ, ಯಾರ ಹಂಗಿನಲ್ಲೂ ಇರಬೇಡ."

ಹಂಗು! ಕನ್ನಡದಲ್ಲಿ ಇಷ್ಟು ಚಿಕ್ಕದಾಗಿದ್ದು ಇಷ್ಟು ಭಾರವಾದ ಮಾತು ಇನ್ನೊಂದು ಇದೆಯೋ ಇಲ್ಲವೋ. ಸಾಲ ತೀರಿಸಬಹುದು, ಹಂಗು ತೀರುವುದಿಲ್ಲ. ಹಂಗಿನ ಊಟ ಗಂಟಲಲ್ಲಿ ಇಳಿಯುವುದಿಲ್ಲ ಅಂತ ಅಪ್ಪ ಹೇಳುತ್ತಿದ್ದರು. ಪೌಲನು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪ್ರತಿಯೊಬ್ಬನೂ ತನ್ನ ಹೊರೆಯನ್ನು ತಾನೇ ಹೊರಬೇಕು ಅನ್ನುವ ಮಾತೊಂದಿದೆ. ಮನೆಯಲ್ಲಿ ಅದು ಅಪ್ಪನ ಮೆಚ್ಚಿನ ವಚನ.

ಮದ್ರಾಸಿಗೆ ಬಂದ ಮೊದಲ ವರ್ಷಗಳು ಹೇಗಿದ್ದವು ಅಂತ ಊರು ಬಿಟ್ಟ ನಿಮಗೆ ವಿವರಿಸಬೇಕಿಲ್ಲ. ಭಾನುವಾರ ಸೈದಾಪೇಟೆ ಕಡೆಯ ಒಂದು ತಮಿಳು ಸಭೆಗೆ ಹೋಗುತ್ತಿದ್ದೆ. ಹಾಡುಗಳ ರಾಗ ಎಷ್ಟೋ ಸಲ ಗೊತ್ತಿರುತ್ತಿತ್ತು, ಮಾತು ಗೊತ್ತಾಗುತ್ತಿರಲಿಲ್ಲ. ಮುಂದಿನ ಸಾಲಿನವರು ಎದ್ದರೆ ಎದ್ದೆ, ಕೂತರೆ ಕೂತೆ. ಆರು ತಿಂಗಳಲ್ಲಿ ಕರ್ತನ ಪ್ರಾರ್ಥನೆಯನ್ನು ತಮಿಳಿನಲ್ಲಿ ಒಪ್ಪಿಸುವಷ್ಟಾದೆ. ಆದರೆ ರಾತ್ರಿ ರೂಮಿನಲ್ಲಿ ದೀಪ ಆರಿಸಿದ ಮೇಲೆ ಬಾಯಿಗೆ ಬರುತ್ತಿದ್ದದ್ದು ಕನ್ನಡವೇ. ಆ ಸಭೆಯವರು ಒಳ್ಳೆಯವರು, ಇವತ್ತಿಗೂ ನಾನು ಅಲ್ಲಿಯ ಸದಸ್ಯ. ಆದರೂ ಒಂದು ಮೂಲೆ ಖಾಲಿ ಇತ್ತು.

ಆ ಮೂಲೆಗೆ 1986ರಲ್ಲಿ ಬಂದು ಸೇರಿದ್ದು ಈ ಕನ್ನಡ ಕೂಟ. ಮದುವೆಯಾಗಿ ಆಗ ಒಂದು ವರ್ಷ. ನನ್ನವಳು ಪಾಂಡಿ ಬಜಾರಿನಲ್ಲಿ ತರಕಾರಿ ಆರಿಸುತ್ತಾ ನನ್ನನ್ನು ಕನ್ನಡದಲ್ಲಿ ಬೈಯುತ್ತಿದ್ದಳು. ಪಕ್ಕದಲ್ಲಿದ್ದ ಹೆಂಗಸು ತಿರುಗಿ "ಬೈಯಿರಿ ಬೈಯಿರಿ, ಕನ್ನಡದಲ್ಲಿ ಬೈಗುಳ ಕೇಳದೆ ಬಹಳ ದಿನ ಆಯ್ತು ಮಾರಾಯ್ರೆ" ಅಂದರು. ಮಂಗಳೂರಿನವರು, ಇಲ್ಲಿಯ ಒಂದು ಶಾಲೆಯಲ್ಲಿ ಟೀಚರ್. ಮುಂದಿನ ಭಾನುವಾರ ಸಂಜೆ ಅಯನಾವರಂನಲ್ಲಿ ಒಂದು ಮನೆಗೆ ಬನ್ನಿ ಅಂತ ವಿಳಾಸ ಬರೆದುಕೊಟ್ಟರು. ಅಂದಿನಿಂದ ಅವರು ನಮಗೆ ಟೀಚರಮ್ಮ.

ಚೆನ್ನೈನಲ್ಲಿ ಕನ್ನಡ ಕ್ರೈಸ್ತರು ಎಲ್ಲಿಂದ ಬಂದರು ಅಂತ ಕೆಲವರು ಕೇಳುತ್ತಾರೆ. ಹಳೆಯ ನಕ್ಷೆ ನೋಡಿದರೆ ಆಶ್ಚರ್ಯವಿಲ್ಲ. ದಕ್ಷಿಣ ಕನ್ನಡ, ಬಳ್ಳಾರಿ ಎರಡೂ ಮದ್ರಾಸು ಪ್ರಾಂತ್ಯಕ್ಕೆ ಸೇರಿದ್ದವು. ಬಳ್ಳಾರಿಯ ಬಹುಪಾಲು ಮೈಸೂರಿಗೆ ಸೇರಿದ್ದು 1953ರಲ್ಲಿ, ದಕ್ಷಿಣ ಕನ್ನಡ 1956ರಲ್ಲಿ. ಅಲ್ಲಿಯವರೆಗೆ ಆ ಕಡೆಯವರಿಗೆ ದೊಡ್ಡ ಪಟ್ಟಣ ಅಂದರೆ ಮದ್ರಾಸು. ಓದುವುದಕ್ಕೆ 1837ರಲ್ಲಿ ಶುರುವಾದ ಮದ್ರಾಸ್ ಕ್ರಿಶ್ಚಿಯನ್ ಕಾಲೇಜು, ಹೆಣ್ಣುಮಕ್ಕಳಿಗೆ 1915ರಲ್ಲಿ ಶುರುವಾದ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜು. ಟೀಚರಮ್ಮನ ತಂದೆ ಹಾಗೆ ಓದಲು ಬಂದು ಇಲ್ಲೇ ಉಳಿದವರು. ಆಮೇಲೆ 1955ರಲ್ಲಿ ಪೆರಂಬೂರಿನಲ್ಲಿ ರೈಲ್ವೆ ಕೋಚ್ ಫ್ಯಾಕ್ಟರಿ ಶುರುವಾಯಿತು, ಅದಕ್ಕೆ ಸೇರಿದವರು ಕೆಲವರು ಬಂದರು. ನಮ್ಮ ಕೂಟ ಸೇರುತ್ತಿದ್ದ ಅಯನಾವರಂ ಮನೆ ಬಳ್ಳಾರಿ ಅಣ್ಣನದು. ಅವರು ಆ ಫ್ಯಾಕ್ಟರಿಯಲ್ಲೇ ಫಿಟ್ಟರ್.

ಹನ್ನೆರಡು ಹದಿಮೂರು ಸಂಸಾರ, ಅಷ್ಟರಲ್ಲೇ ಮೂರು ದೇಶ! ಮಂಗಳೂರಿನವರದು 1834ರಲ್ಲಿ ಬಂದ ಬಾಸೆಲ್ ಮಿಷನ್ ಪರಂಪರೆ, ಬಳ್ಳಾರಿಯವರದು ಲಂಡನ್ ಮಿಷನ್, ನಮ್ಮ ತುಮಕೂರು ಮೈಸೂರಿನವರದು ವೆಸ್ಲಿಯನ್. ಮಂಗಳೂರಿನವರು ಜರ್ಮನ್ ರಾಗಗಳನ್ನು ನಿಧಾನವಾಗಿ, ನಾಲ್ಕು ದನಿಯಲ್ಲಿ ಹಾಡುತ್ತಾರೆ. ನಮಗೆ ತಾಳ ತಟ್ಟಿ ಕೀರ್ತನೆ ಹಾಡಬೇಕು. ಒಂದೇ ಹಾಡಿಗೆ ಎರಡು ರಾಗ ಗೊತ್ತಿದ್ದು ಅರ್ಧ ದಾರಿಯಲ್ಲಿ ಡಿಕ್ಕಿ ಹೊಡೆದು ಎಲ್ಲರೂ ನಕ್ಕದ್ದು ಎಷ್ಟು ಸಲವೋ. ಟೀಚರಮ್ಮ ಆಗೆಲ್ಲ 1947ರ ಸೆಪ್ಟೆಂಬರ್ 27ರ ಕಥೆ ತೆಗೆಯುತ್ತಿದ್ದರು. ಸ್ವಾತಂತ್ರ್ಯ ಬಂದು ಆರು ವಾರ. ಕೆಥೆಡ್ರಲ್ ರಸ್ತೆಯ ಸೇಂಟ್ ಜಾರ್ಜ್ ಕೆಥೆಡ್ರಲ್ಲಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಎಲ್ಲ ಸೇರಿ ದಕ್ಷಿಣ ಭಾರತ ಸಭೆ ಆಯಿತು. ಹತ್ತು ವರ್ಷದ ಹುಡುಗಿಯಾಗಿ ಅಪ್ಪನ ಕೈ ಹಿಡಿದು ಅವರು ಆ ಜನರ ನಡುವೆ ನಿಂತಿದ್ದರಂತೆ. "ಬಿಷಪ್ಪುಗಳೇ ಒಂದಾದರು. ನೀವು ಒಂದು ರಾಗಕ್ಕೆ ಒಪ್ಪಲಿಕ್ಕೆ ಆಗುದಿಲ್ವಾ?" ಅನ್ನುತ್ತಿದ್ದರು.

ನಿಜ ಹೇಳಬೇಕೆಂದರೆ ನಾನು ಕೂಟಕ್ಕೆ ಹೋಗುತ್ತಿದ್ದದ್ದು ದೇವರಿಗಾಗಿ ಕಡಿಮೆ, ಕನ್ನಡಕ್ಕಾಗಿ ಜಾಸ್ತಿ. ಪ್ರಾರ್ಥನೆ ಮುಗಿದ ಮೇಲಿನ ಊಟಕ್ಕಾಗಿ ಇನ್ನೂ ಜಾಸ್ತಿ. ಒಂದು ತಿಂಗಳು ನೀರ್ ದೋಸೆ, ಕೋಳಿ ಸಾರು. ಇನ್ನೊಂದು ತಿಂಗಳು ಜೋಳದ ರೊಟ್ಟಿ, ಎಣ್ಣೆಗಾಯಿ. ನಮ್ಮ ಸರದಿ ಬಂದರೆ ಮುದ್ದೆ, ಸೊಪ್ಪಿನ ಸಾರು. ಅಕ್ಟೋಬರಿನಲ್ಲೋ ನವೆಂಬರಿನಲ್ಲೋ ನಮ್ಮದೇ ಪುಟ್ಟ ಸುಗ್ಗಿ ಹಬ್ಬ. ಟೆರೇಸಿನ ಕುಂಡದಲ್ಲಿ ಬೆಳೆದ ಒಂದು ನಿಂಬೆಹಣ್ಣು ಹರಾಜಿನಲ್ಲಿ ಐನೂರು ರೂಪಾಯಿಗೆ ಹೋಗುತ್ತಿತ್ತು. ಆ ದುಡ್ಡು ಯಾರದೋ ಮಗುವಿನ ಫೀಸಿಗೋ ಆಸ್ಪತ್ರೆ ಖರ್ಚಿಗೋ.

ಲೆಕ್ಕ ಬರೆಯುವವನು ನಾನು. ಕಾಣಿಕೆ ಡಬ್ಬಿ ನನ್ನ ಹತ್ತಿರವೇ. ಕಷ್ಟ ಬಂದವರ ಮನೆಗೆ ಕವರಿನಲ್ಲಿ ದುಡ್ಡು ಹಾಕಿ ಒಯ್ದು ಕೊಡುವವನೂ ನಾನೇ, ಅದಕ್ಕೆ ನನ್ನ ಕೈಯಿಂದ ಸ್ವಲ್ಪ ಸೇರಿಸುತ್ತಿದ್ದೆ. ಆದರೆ ನನ್ನ ಮನೆಗೆ ಯಾರ ಕವರೂ ಬರಬಾರದು. ವರ್ಕ್‌ಶಾಪ್ ಎಂಟು ತಿಂಗಳು ಮುಚ್ಚಿದ್ದಾಗ ಒಬ್ಬರಿಗೂ ಹೇಳಲಿಲ್ಲ. ಹೆಂಡತಿಯ ಬಳೆ ಅಡವಿಟ್ಟೆ, ಕೂಟಕ್ಕೆ ಇಸ್ತ್ರಿ ಅಂಗಿ ಹಾಕಿಕೊಂಡು ಹೋದೆ. ಅಪ್ಪನ ಮಾತು ಉಳಿಸಿದೆ ಅಂತ ಹೆಮ್ಮೆ ಬೇರೆ.

2013ರಲ್ಲಿ ನನ್ನವಳ ಎರಡೂ ಮೂತ್ರಪಿಂಡ ಕೈಕೊಟ್ಟವು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಮಂಗಳವಾರ, ಗುರುವಾರ, ಶನಿವಾರ. ಆಟೋದಲ್ಲಿ ಕರೆದುಕೊಂಡು ಹೋಗುವುದು, ನಾಲ್ಕು ಗಂಟೆ ಹೊರಗೆ ಕಾಯುವುದು, ಕರೆದುಕೊಂಡು ಬರುವುದು. ಕೂಟದಲ್ಲಿ ಯಾರಾದರೂ "ನಾವು ಬರ್ತೀವಿ" ಅಂದರೆ "ಬೇಡ ಬೇಡ, ಎಲ್ಲ ವ್ಯವಸ್ಥೆ ಆಗಿದೆ" ಅನ್ನುತ್ತಿದ್ದೆ. ಅವಳು ಮಾತ್ರ ನನ್ನ ಮುಖ ನೋಡುತ್ತಿದ್ದಳು, ಏನೂ ಹೇಳುತ್ತಿರಲಿಲ್ಲ.

2015ರ ಡಿಸೆಂಬರ್ 1, ಮಂಗಳವಾರ. ನವೆಂಬರ್ ಪೂರ್ತಿ ಮಳೆ ಹೊಯ್ದು ಕೆರೆಗಳು ತುಂಬಿದ್ದವು. ಅವತ್ತು ಬೆಳಿಗ್ಗೆಯಿಂದ ಮಳೆ ನಿಲ್ಲಲೇ ಇಲ್ಲ. 24 ಗಂಟೆಯಲ್ಲಿ ತಾಂಬರಂನಲ್ಲಿ 49 ಸೆಂಟಿಮೀಟರ್ ಅಂತ ಆಮೇಲೆ ಓದಿದೆ. ಆಟೋ ಸಿಗಲಿಲ್ಲ, ಡಯಾಲಿಸಿಸ್ ತಪ್ಪಿತು. ಗುರುವಾರ ನೋಡಿಕೊಳ್ಳೋಣ ಅಂದುಕೊಂಡೆ. ಚೆಂಬರಂಬಾಕ್ಕಂ ಕೆರೆಯಿಂದ ನೀರು ಬಿಟ್ಟಿದ್ದಾರೆ ಅಂತ ರಾತ್ರಿ ಬೀದಿಯಲ್ಲಿ ಕೂಗಾಟ. ನಮ್ಮದು ಜಾಫರ್‌ಖಾನ್‌ಪೇಟೆಯಲ್ಲಿ ಅಡ್ಯಾರ್ ನದಿಗೆ ಹತ್ತಿರದ ನೆಲಮಹಡಿ ಮನೆ. ಬಾಗಿಲ ಸಂದಿಯಿಂದ ನೀರು ಬಂದದ್ದು ಗೊತ್ತು. ಅರ್ಧ ಗಂಟೆಯಲ್ಲಿ ಮಂಚದ ಕಾಲು ಮುಳುಗಿತು. ಎರಡನೇ ಮಹಡಿಯ ತಮಿಳು ಮನೆಯವರು, ಪಿಳ್ಳೈಯಾರ್ ಭಕ್ತರು, ಇಳಿದು ಬಂದು ಅವಳನ್ನು ಕುರ್ಚಿ ಸಮೇತ ಎತ್ತಿಕೊಂಡು ಹೋದರು. ಮರುದಿನ ಹತ್ತಿರದ ಮಸೀದಿಯ ಹುಡುಗರು ಎದೆಮಟ್ಟದ ನೀರಿನಲ್ಲಿ ಊಟದ ಪೊಟ್ಟಣ ತಂದರು. ಆ ವಾರ ಚೆನ್ನೈನಲ್ಲಿ ಯಾರೂ ಯಾರ ದೇವರನ್ನೂ ಕೇಳಲಿಲ್ಲ.

ಆದರೆ ನನ್ನವಳ ಕಷ್ಟ ಬೇರೆ. ಸುತ್ತ ನೀರು, ಅವಳು ನೀರು ಕುಡಿಯುವ ಹಾಗಿಲ್ಲ. ದಾನಿಗಳು ತಂದದ್ದು ಬಾಳೆಹಣ್ಣು, ಎಳನೀರು. ಎರಡರಲ್ಲೂ ಪೊಟ್ಯಾಷಿಯಂ ಜಾಸ್ತಿ, ಡಯಾಲಿಸಿಸ್ ತಪ್ಪಿದವರಿಗೆ ಅದು ವಿಷವೇ. ಬುಧವಾರ ರಾತ್ರಿಯ ಹೊತ್ತಿಗೆ ಕಾಲು ಊದಿ, ಮಲಗಿದರೆ ಉಸಿರು ಸಿಕ್ಕುತ್ತಿರಲಿಲ್ಲ. ಕರೆಂಟಿಲ್ಲ. ಮಗಳು ಪುಣೆಯಲ್ಲಿ, ಇಲ್ಲಿ ವಿಮಾನ ನಿಲ್ದಾಣವೇ ಮುಚ್ಚಿತ್ತು. 1878ರಿಂದ ಬರುತ್ತಿದ್ದ ಹಿಂದೂ ಪೇಪರ್ ಕೂಡ ಅವತ್ತು ಚೆನ್ನೈನಲ್ಲಿ ಅಚ್ಚಾಗಲಿಲ್ಲ. ಅವಳನ್ನು ಗೋಡೆಗೆ ಒರಗಿಸಿ ಕೂರಿಸಿಕೊಂಡು ನಾನು ಪ್ರಾರ್ಥನೆ ಮಾಡಿದೆನೋ ಇಲ್ಲವೋ ನೆನಪಿಲ್ಲ. ಹೆದರಿಕೆ ಮಾತ್ರ ನೆನಪಿದೆ.

ಗುರುವಾರ ಬೆಳಿಗ್ಗೆ ಮೇಲಿನ ಮನೆಯವರ ಬಿಎಸ್‌ಎನ್‌ಎಲ್ ಫೋನ್ ಬಡಿದುಕೊಂಡಿತು. ನನಗೆ! ಆ ನಂಬರನ್ನು ನನ್ನವಳು ಯಾವಾಗಲೋ ಟೀಚರಮ್ಮನಿಗೆ ಕೊಟ್ಟಿದ್ದಳಂತೆ. ಆ ಕಡೆಯಿಂದ ಎಪ್ಪತ್ತೆಂಟು ವರ್ಷದ ಮುದುಕಿಯ ದನಿ.

"ಮಂಗಳವಾರದ್ದು ತಪ್ಪಿತಲ್ಲಾ, ಎಂತ ಮಾಡಿದ್ರಿ?"

ಹೇಗಿದ್ದೀರಿ ಅಂತ ಕೇಳಲಿಲ್ಲ ನೋಡಿ. ಹಾಗೆ ಕೇಳಿದ್ದರೆ ಅಭ್ಯಾಸಬಲದಿಂದ ಚೆನ್ನಾಗಿದ್ದೀವಿ ಅಂತಲೇ ಹೇಳಿಬಿಡುತ್ತಿದ್ದೆನೇನೋ. ಅವರು ಎರಡು ದಿನದಿಂದ ಬೆರಳಿನಲ್ಲಿ ವಾರ ಎಣಿಸುತ್ತಾ ಫೋನ್ ತಿರುಗಿಸುತ್ತಾ ಕೂತಿದ್ದರು. ನನಗೆ ಅಳು ಬಂತು. "ಬನ್ನಿ" ಅಂದೆ. ಮೂವತ್ತೆರಡು ವರ್ಷದಲ್ಲಿ ಈ ಊರಿನಲ್ಲಿ ಯಾರಿಗಾದರೂ ನಾನು ಬಾಯಿಬಿಟ್ಟು "ಬನ್ನಿ" ಅಂದದ್ದು ಅದೇ ಮೊದಲು.

ಮಧ್ಯಾಹ್ನ ಬಳ್ಳಾರಿ ಅಣ್ಣನ ಮಗ ಮೀನುಗಾರರ ದೋಣಿಯಲ್ಲಿ ಬಂದ. ಆ ದಿನಗಳಲ್ಲಿ ಸಮುದ್ರದ ಕಡೆಯಿಂದ ಮೀನುಗಾರರು ದೋಣಿಗಳನ್ನು ಲಾರಿಯ ಮೇಲೆ ಹಾಕಿಕೊಂಡು ಬಂದು ಎಷ್ಟೋ ಜನರನ್ನು ಉಳಿಸಿದರು. ನಮ್ಮ ಕೂಟದಲ್ಲಿ ನರ್ಸ್ ಆಗಿರುವ ಉಡುಪಿಯ ಹುಡುಗಿಯೊಬ್ಬಳಿದ್ದಾಳೆ. ಅವಳು ಮೂರು ನಾಲ್ಕು ಕಡೆ ವಿಚಾರಿಸಿ, ಊರಿನ ಇನ್ನೊಂದು ತುದಿಯಲ್ಲಿ ಜನರೇಟರ್ ಓಡುತ್ತಿದ್ದ ಆಸ್ಪತ್ರೆಯಲ್ಲಿ ಒಂದು ಮಷೀನ್ ಹಿಡಿದಿಟ್ಟಿದ್ದಳು. ದೋಣಿ, ಟ್ರಾಕ್ಟರ್, ವ್ಯಾನ್, ಹೀಗೆ ಐದು ಗಂಟೆ. ರಾತ್ರಿ ಎಂಟಕ್ಕೆ ಅವಳ ರಕ್ತ ಮಷೀನಿನಲ್ಲಿ ಓಡತೊಡಗಿತು. ಹತ್ತರ ಹೊತ್ತಿಗೆ "ಹಸಿವಾಗ್ತಿದೆ" ಅಂದಳು. ಹೊರಗೆ ಬೆಂಚಿನ ಮೇಲೆ ನಮ್ಮವರು ಏಳು ಜನ ಕೂತಿದ್ದರು. ಕುಕ್ಕರಿನಲ್ಲಿ ಗಂಜಿ ಬಂದಿತ್ತು, ಉಪ್ಪಿಲ್ಲದ್ದು ಅವಳಿಗೆ, ಉಪ್ಪು ಹಾಕಿದ್ದು ನನಗೆ. ಆ ಗಂಜಿ ನನ್ನ ಗಂಟಲಲ್ಲಿ ಸಲೀಸಾಗಿ ಇಳಿಯಿತು, ಅಪ್ಪಾ.

ಮನೆ ಕೆಸರಿನಿಂದ ಎದ್ದು ಬರುವ ತನಕ ಇಪ್ಪತ್ತಮೂರು ದಿನ ಟೀಚರಮ್ಮನ ಮನೆಯಲ್ಲಿ ಇದ್ದೆವು. ನಾನು ಲೆಕ್ಕದವನಲ್ಲವೇ, ಹೊರಡುವ ದಿನ ಹದಿನೈದು ಸಾವಿರ ಕವರಿಗೆ ಹಾಕಿ ಅವರ ಮುಂದೆ ಇಟ್ಟೆ. ಅವರು ಮುಟ್ಟಲಿಲ್ಲ. ಸಿಟ್ಟೂ ಮಾಡಲಿಲ್ಲ.

"ಇಷ್ಟು ವರ್ಷ ನೀವು ಕವರಲ್ಲಿ ಕೊಟ್ಟದ್ದನ್ನು ನಾವೆಲ್ಲ ತೆಗೆದುಕೊಂಡದ್ದಲ್ವಾ?" ಅಂದರು. "ಹಾಗಾದ್ರೆ ನಾವೆಲ್ಲ ನಿಮ್ಮ ಹಂಗಿನಲ್ಲಿ ಇದ್ದದ್ದು ಅಂತವಾ ನಿಮ್ಮ ಲೆಕ್ಕ?"

ಬಾಯಿಗೆ ಉತ್ತರ ಬರಲಿಲ್ಲ. ಯಾಕೆಂದರೆ ನಾನು ಅಂದುಕೊಂಡಿದ್ದದ್ದು ಹಾಗೆಯೇ. ಕೊಡುವವನ ಕೈ ಮೇಲೆ, ತೆಗೆದುಕೊಳ್ಳುವವನ ಕೈ ಕೆಳಗೆ. ಇವರು ಕೊಡುವಾಗ ಇಬ್ಬರ ಕೈಯೂ ಒಂದೇ ಎತ್ತರದಲ್ಲಿತ್ತು. ಅದನ್ನು ಮೂವತ್ತು ವರ್ಷ ಜೊತೆಯಲ್ಲಿ ಉಂಡೂ ನಾನು ನೋಡಿರಲಿಲ್ಲ.

ಆ ಕ್ರಿಸ್ಮಸ್ ಕಳೆದ ಮೇಲೆ ಕೂಟಕ್ಕೆ ಬಂದ ಅಯ್ಯನವರನ್ನು ಅಪ್ಪನ ವಚನದ ಬಗ್ಗೆ ಕೇಳಿದೆ. ಅವರು ನಕ್ಕು, "ಅದೇ ಆರನೇ ಅಧ್ಯಾಯ, ಮೂರು ವಚನ ಹಿಂದಕ್ಕೆ ಹೋಗಿ ಓದಿ" ಅಂದರು. ಅಲ್ಲಿ ಒಬ್ಬರ ಭಾರವನ್ನು ಒಬ್ಬರು ಹೊರಬೇಕು ಅಂತಿದೆ. ಒಂದೇ ಪತ್ರ, ಒಂದೇ ಕೈಬರಹ, ಎರಡು ಮಾತು! ಗ್ರೀಕ್ ಮೂಲದಲ್ಲಿ ಅವು ಬೇರೆ ಬೇರೆ ಪದಗಳು ಅಂತ ಅಯ್ಯನವರು ಬಿಡಿಸಿ ಹೇಳಿದರು. ತಾನೇ ಹೊರಬೇಕಾದದ್ದು ಫೋರ್ಟಿಯಾನ್, ಒಬ್ಬನ ಹೆಗಲಿಗೆ ಅಳತೆಯಾದ ಮೂಟೆ. ಇನ್ನೊಂದು ಬಾರೋಸ್, ಒಬ್ಬನನ್ನು ಜಜ್ಜಿಬಿಡುವಂಥ ತೂಕ. ಅಪ್ಪ ಮೂಟೆಯ ಬಗ್ಗೆ ಹೇಳಿದ್ದು ಸರಿಯೇ. ನಾನು ಬಂಡೆಯನ್ನೂ ಮೂಟೆ ಅಂತ ತಿಳಿದು ಬೆನ್ನಿಗೆ ಕಟ್ಟಿಕೊಂಡಿದ್ದೆ. ಜೊತೆಗೆ ಅವಳ ಬೆನ್ನಿಗೂ.

ಆಮೇಲಿನ ಎರಡೂವರೆ ವರ್ಷ ಅವಳನ್ನು ಡಯಾಲಿಸಿಸ್‌ಗೆ ಕರೆದೊಯ್ಯಲು ಸರದಿ ಪಟ್ಟಿ ಇತ್ತು. ಮಂಗಳವಾರ ನಾನು, ಗುರುವಾರ ಬಳ್ಳಾರಿ ಅಣ್ಣನ ಹೆಂಡತಿ, ಶನಿವಾರ ಹುಡುಗರು. ಕಾಯಿಲೆ ವಾಸಿಯಾಗಲಿಲ್ಲ, ಆಗುವುದಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಆದರೂ ನಮ್ಮ ಮೂವತ್ತಮೂರು ವರ್ಷದ ಸಂಸಾರದಲ್ಲಿ ಅಷ್ಟು ನಗು ಬೇರೆ ಯಾವಾಗಲೂ ಇರಲಿಲ್ಲ. ಗುರುವಾರದ ನಾಲ್ಕು ಗಂಟೆ ಅವರಿಬ್ಬರೂ ಬಳ್ಳಾರಿ ಮತ್ತು ತುಮಕೂರಿನ ಗಾದೆಗಳನ್ನು ಪೈಪೋಟಿಗೆ ಬಿಡುತ್ತಿದ್ದರಂತೆ, ಪಕ್ಕದ ಹಾಸಿಗೆಯ ತಮಿಳು ತಾತ ಅರ್ಥ ಹೇಳಿ ಅಂತ ಪೀಡಿಸುತ್ತಿದ್ದರಂತೆ. ಮನೆಗೆ ಬಂದ ಮೇಲೆ ಕೂಟದ ಮಕ್ಕಳಿಗೆ ಕಾಗುಣಿತ ತಿದ್ದಿಸುತ್ತಿದ್ದಳು. ಇಲ್ಲೇ ಹುಟ್ಟಿದ ನಾಲ್ಕು ಮಕ್ಕಳು ಇವತ್ತು ಸತ್ಯವೇದವನ್ನು ಕನ್ನಡದಲ್ಲಿ ಓದುವುದು ಅವಳಿಂದ.

2018ರ ಜೂನಿನಲ್ಲಿ ಅವಳು ಹೋದಳು. ಸಮಾಧಿಯ ಹತ್ತಿರ ಎರಡು ರಾಗದ ಗಲಾಟೆ ಆಗದಂತೆ ಟೀಚರಮ್ಮ ಮೊದಲೇ ಕಣ್ಣಿನಲ್ಲೇ ಎಲ್ಲರನ್ನೂ ಹದ್ದುಬಸ್ತಿನಲ್ಲಿ ಇಟ್ಟಿದ್ದರು. ಆದರೂ ಮೂರನೇ ಚರಣದಲ್ಲಿ ಡಿಕ್ಕಿ ಹೊಡೆಯಿತು. ನನಗೆ ಆ ಹೊತ್ತಿನಲ್ಲೂ ನಗು ಬಂತು. ಅವಳಿಗೂ ಬರುತ್ತಿತ್ತು. ಮೇಲಿನ ಮನೆಯವರು ಹೂವಿನ ಹಾರ ಹಿಡಿದು ಪಕ್ಕದಲ್ಲೇ ನಿಂತಿದ್ದರು. ಪುನರುತ್ಥಾನದ ನಿರೀಕ್ಷೆ ಅನ್ನುವ ಮಾತನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಆ ಗುಂಪಿನ ನಡುವೆ ನಿಂತಾಗ ಅದು ನನಗೆ ಮೊದಲ ಸಲ ನಂಬಬಹುದಾದ ಮಾತಾಗಿ ಕೇಳಿಸಿತು. ಇಷ್ಟನ್ನು ಮಾಡಿಸಿದವನು ಉಳಿದದ್ದನ್ನೂ ಮಾಡಿಯಾನು ಅಂತ.

2020ರ ಲಾಕ್‌ಡೌನಿನಲ್ಲಿ ಕೂಟ ಸೇರಲಾಗದೆ ದಿನಾ ರಾತ್ರಿ ಎಂಟಕ್ಕೆ ಫೋನಿನಲ್ಲಿ ಹಾಜರಿ ಕರೆಯುವ ಪದ್ಧತಿ ಶುರುವಾಯಿತು. ಒಬ್ಬರು ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ. ಊಟ ಆಯ್ತಾ, ಮಾತ್ರೆ ಆಯ್ತಾ, ಅಷ್ಟೇ ಪ್ರಶ್ನೆ. ಲಾಕ್‌ಡೌನ್ ಹೋಯಿತು, ಹಾಜರಿ ನಿಂತಿಲ್ಲ. ಟೀಚರಮ್ಮನಿಗೆ ಈಗ ಕಿವಿ ಸರಿಯಾಗಿ ಕೇಳಿಸುವುದಿಲ್ಲ, ಆದರೆ ಯಾರ ಹೆಸರಾದರೂ ಬಿಟ್ಟುಹೋದರೆ ಅವರಿಗೆ ಹೇಗೋ ಗೊತ್ತಾಗಿಬಿಡುತ್ತದೆ.

ಇದನ್ನೆಲ್ಲ ಆ ದಾವಣಗೆರೆ ಹುಡುಗನಿಗೆ ಹೇಳಲಿಲ್ಲ. ಜ್ವರದಲ್ಲಿ ಮಲಗಿದವನಿಗೆ ಉಪದೇಶ ಮಾಡಬಾರದು. ನಮ್ಮ ನರ್ಸ್ ಹುಡುಗಿಯ ಮಾತಿನಂತೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಪ್ಲೇಟ್‌ಲೆಟ್ ನೋಡಿಸಿ, ನಮ್ಮ ಮನೆಗೆ ಕರೆತಂದೆ. ಒಂಬತ್ತು ದಿನ ಇದ್ದ. ದಿನಕ್ಕೊಂದು ಮನೆಯಿಂದ ಡಬ್ಬಿ ಬಂತು. ಹೊರಡುವ ದಿನ ಬಾಗಿಲಲ್ಲಿ ನಿಂತು ತಡವರಿಸಿದ. "ಅಂಕಲ್, ಇದನ್ನೆಲ್ಲ ನಾನು ಹೇಗೆ ತೀರಿಸಲಿ?"

ನನ್ನ ಮೇಜಿನ ಮೇಲಿದ್ದ ಬಿ.ಪಿ. ಮಾತ್ರೆಯ ಪಟ್ಟಿ ತೋರಿಸಿದೆ. "ಒಬ್ಬನೇ ಇರೋದ್ರಿಂದ ವಾರಕ್ಕೆ ಎರಡು ಮೂರು ಸಲ ಮರೀತೀನಿ ಕಣಪ್ಪ. ನಿನಗೆ ತೊಂದರೆ ಅಲ್ಲ ಅಂದ್ರೆ ರಾತ್ರಿ ಒಂದು ಫೋನ್ ಮಾಡಿ ನೆನಪಿಸ್ತೀಯಾ?"

ಹುಡುಗನ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು.

ಈಗ ದಿನಾ ಎಂಟು ಹತ್ತಕ್ಕೆ ಫೋನ್ ಬರುತ್ತದೆ. ಮೊನ್ನೆ ನಾನು ಮಾತ್ರೆ ತೆಗೆದುಕೊಳ್ಳದೆ ತೆಗೆದುಕೊಂಡೆ ಅಂದೆ. "ಅಂಕಲ್, ದನಿ ಸರಿ ಇಲ್ಲ, ಎದ್ದು ಹೋಗಿ ಈಗ ತಗೊಳ್ಳಿ, ನಾನು ಲೈನಲ್ಲೇ ಇರ್ತೀನಿ" ಅಂತ ಗದರಿದ. ಎದ್ದು ಹೋಗಿ ತಗೊಂಡೆ.